ಸಂಕುಚಿತ ಧ್ವನಿ ಕಡತಗಳು ಹಾಗೂ ಸಂಗೀತ ಸಿ.ಡಿ. ತಯಾರಿಕೆ – ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಹಳೆಯ ಕ್ಯಾಸೆಟ್‌ಗಳಲ್ಲಿ ಉಳಿದಿರುವ ಸೋಬಾನೆ ಪದ, ಭಜನೆ, ರಂಗಗೀತೆ, ಶಾಲಾ ವಾರ್ಷಿಕೋತ್ಸವದ ಹಾಡು ಹಾಗೂ ಮನೆಯ ಹಿರಿಯರ ದನಿಗೆ ಬಹುತೇಕ ಎರಡನೆಯ ಪ್ರತಿ ಇರುವುದಿಲ್ಲ. ಇವುಗಳನ್ನು ಗಣಕಯಂತ್ರಕ್ಕೆ ವರ್ಗಾಯಿಸುವಾಗ ಕಡತದ ಸ್ವರೂಪವನ್ನು ಅರಿಯದೆ ಸಂಕುಚಿಸಿ, ಮೂಲವನ್ನು ಅಳಿಸಿದಲ್ಲಿ ಕಳೆದುಹೋದ ಅಂಶವನ್ನು ಮರಳಿ ಪಡೆಯಲಾಗದು. ಆದ್ದರಿಂದ ಸಾರ್ವಜನಿಕರು, ಶಾಲೆಗಳು ಮತ್ತು ಗ್ರಂಥಾಲಯಗಳ ಅನುಕೂಲಕ್ಕಾಗಿ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

1. ಧ್ವನಿಯು ಅಂಕಿಗಳಾಗುವ ವಿಧಾನ

1982ರಲ್ಲಿ ಮಾರುಕಟ್ಟೆಗೆ ಬಂದ ಸಂಗೀತ ಸಿ.ಡಿ.ಯಲ್ಲಿ ಧ್ವನಿಯನ್ನು ಪ್ರತಿ ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ, ಎಡ ಮತ್ತು ಬಲ ಎಂಬ ಎರಡು ವಾಹಿನಿಗಳಿಗೆ ಪ್ರತ್ಯೇಕವಾಗಿ ದಾಖಲಿಸಲಾಗುತ್ತದೆ. ಮನುಷ್ಯನ ಕಿವಿಗೆ ಕೇಳಿಸುವ ಗರಿಷ್ಠ ಕಂಪನಾಂಕ ಸುಮಾರು 20,000 ಹರ್ಟ್ಸ್ ಆಗಿದ್ದು, ಅಳತೆಗಳ ಸಂಖ್ಯೆ ಅದರ ಎರಡರಷ್ಟಕ್ಕಿಂತ ಹೆಚ್ಚಿರಬೇಕೆಂಬುದು ಇದಕ್ಕೆ ಕಾರಣ. ಇದರ ಲೆಕ್ಕ ಹೀಗಿದೆ:

44,100 × 16 × 2 = ಸೆಕೆಂಡಿಗೆ 14,11,200 ಬಿಟ್; ಅಂದರೆ ನಿಮಿಷಕ್ಕೆ 1,05,84,000 ಬೈಟ್.

ಹೀಗಾಗಿ ಐದು ನಿಮಿಷದ ಒಂದು ಹಾಡಿಗೆ ಸುಮಾರು 53 ಮೆಗಾಬೈಟ್ ಸ್ಥಳ ಬೇಕಾಗುತ್ತದೆ. ಗಣಕಯಂತ್ರದಲ್ಲಿ ಇದನ್ನು ಸಾಮಾನ್ಯವಾಗಿ ವೇವ್ ಕಡತವಾಗಿ ಇಡಲಾಗುತ್ತದೆ.

2. ಸಂಕುಚನದ ಎರಡು ಬಗೆಗಳು

(ಅ) ನಷ್ಟಸಹಿತ ಸಂಕುಚನ: ಗಟ್ಟಿಯಾದ ನಾದವೊಂದು ಕೇಳಿಸುತ್ತಿರುವಾಗ ಅದರ ಸಮೀಪದ ಕಂಪನಾಂಕದ ಕ್ಷೀಣ ನಾದವು ಕಿವಿಗೆ ತಿಳಿಯುವುದಿಲ್ಲ. ಇಂತಹ ಅಂಶಗಳನ್ನು ಕೈಬಿಟ್ಟು ಅಥವಾ ಸ್ಥೂಲವಾಗಿ ದಾಖಲಿಸಿ ಕಡತವನ್ನು ಕಿರಿದುಗೊಳಿಸಲಾಗುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯು ಪ್ರಮುಖ ಪಾತ್ರ ವಹಿಸಿ ರೂಪಿಸಿದ ಎಂಪಿ3 ಈ ಬಗೆಯದು. ಅದರ ಪೇಟೆಂಟ್ ಪರವಾನಗಿ ವ್ಯವಸ್ಥೆಯು 2017ರಲ್ಲಿ ಕೊನೆಗೊಂಡಿದೆ. ಎಎಸಿ, ಡಬ್ಲ್ಯೂಎಂಎ, ಆಗ್ ವೋರ್ಬಿಸ್ ಹಾಗೂ 2012ರಲ್ಲಿ ಮಾನಕವಾದ ಓಪಸ್ ಸಹ ಇದೇ ವರ್ಗಕ್ಕೆ ಸೇರುತ್ತವೆ. 128 ಕಿಲೋಬಿಟ್ ದರದ ಎಂಪಿ3 ಕಡತವು ನಿಮಿಷಕ್ಕೆ 9,60,000 ಬೈಟ್, ಅಂದರೆ ಮೂಲದ ಸುಮಾರು 11ನೇ ಒಂದು ಭಾಗದಷ್ಟಿರುತ್ತದೆ. ದರ ಕಡಿಮೆಯಾದಂತೆ ತಾಳ, ಝಲ್ಲರಿಯಂತಹ ಲೋಹವಾದ್ಯಗಳ ನಾದದಲ್ಲಿ ಕೊರತೆ ಮೊದಲು ಗೋಚರಿಸುತ್ತದೆ.

(ಆ) ನಷ್ಟರಹಿತ ಸಂಕುಚನ: 2001ರಲ್ಲಿ ಬಿಡುಗಡೆಯಾದ ಫ್ಲ್ಯಾಕ್ ಈ ಬಗೆಯದು. ಕಡತವು ಸಾಮಾನ್ಯವಾಗಿ ಮೂಲದ ಅರ್ಧದಿಂದ ಮುಕ್ಕಾಲು ಭಾಗದಷ್ಟಾಗುತ್ತದೆ. ಬಿಚ್ಚಿದಾಗ ಮೂಲದ ಒಂದು ಬಿಟ್ ಸಹ ವ್ಯತ್ಯಾಸವಾಗುವುದಿಲ್ಲ.

ಗಮನಿಸಿ: ಎಂಪಿ3 ಕಡತವನ್ನು ವೇವ್ ಅಥವಾ ಫ್ಲ್ಯಾಕ್ ಆಗಿ ಪರಿವರ್ತಿಸಿದರೆ ಗಾತ್ರ ಹೆಚ್ಚುವುದೇ ಹೊರತು ಗುಣಮಟ್ಟ ಮರಳುವುದಿಲ್ಲ. ಒಂದು ಎಂಪಿ3 ಕಡತದಿಂದ ಮತ್ತೊಂದು ಎಂಪಿ3 ಮಾಡಿದಲ್ಲಿ ಗುಣಮಟ್ಟ ಇನ್ನಷ್ಟು ಕುಸಿಯುತ್ತದೆ.

3. ಸಂಗೀತ ಸಿ.ಡಿ. ಮತ್ತು ದತ್ತಾಂಶ ಸಿ.ಡಿ.

ಸಿ.ಡಿ. ನುಡಿಯುವುದಿಲ್ಲವೆಂಬ ದೂರಿಗೆ ಈ ವ್ಯತ್ಯಾಸವನ್ನು ತಿಳಿಯದಿರುವುದು ಸಾಮಾನ್ಯ ಕಾರಣ.

ಸಂಗೀತ ಸಿ.ಡಿ.: 80 ನಿಮಿಷಗಳ ಧ್ವನಿ ಹಿಡಿಸುತ್ತದೆ. ಹಳೆಯ ಸಿ.ಡಿ. ಪ್ಲೇಯರ್‌ಗಳೂ ಸಾಮಾನ್ಯವಾಗಿ ಇದನ್ನು ನುಡಿಸುತ್ತವೆ.

ದತ್ತಾಂಶ ಸಿ.ಡಿ.: ಎಂಪಿ3 ಕಡತಗಳನ್ನು ಇದ್ದಂತೆಯೇ ನಕಲಿಸಿದ ಸಿ.ಡಿ. 128 ಕಿಲೋಬಿಟ್ ದರದಲ್ಲಿ 12 ಗಂಟೆಗೂ ಮಿಕ್ಕಿ ಹಿಡಿಸುತ್ತದೆ. ಎಂಪಿ3 ಸೌಲಭ್ಯವುಳ್ಳ ಪ್ಲೇಯರ್‌ಗಳು ಮಾತ್ರ ಇದನ್ನು ನುಡಿಸಬಲ್ಲವು.

700 ಮೆಗಾಬೈಟ್ ಎಂದು ನಮೂದಿಸಿದ ಸಿ.ಡಿ.ಯಲ್ಲಿ 80 ನಿಮಿಷಗಳ, ಅಂದರೆ ಸುಮಾರು 84.67 ಕೋಟಿ ಬೈಟ್ ಧ್ವನಿ ಹಿಡಿಸುವುದು ಹೇಗೆಂಬ ಸಂದೇಹ ಸಹಜ. ಸಿ.ಡಿ.ಯ ಪ್ರತಿ ಖಂಡದಲ್ಲಿ 2,352 ಬೈಟ್‌ಗಳಿದ್ದು, ಸಂಗೀತಕ್ಕೆ ಅಷ್ಟನ್ನೂ ಬಳಸಲಾಗುತ್ತದೆ. ದತ್ತಾಂಶಕ್ಕೆ 2,048 ಬೈಟ್ ಮಾತ್ರ ಲಭ್ಯ. ಉಳಿದುದು ಮುಖ್ಯವಾಗಿ ದೋಷ ಪತ್ತೆ ಮತ್ತು ತಿದ್ದುಪಡಿಗೆ ಮೀಸಲು.

4. ತಯಾರಿಕೆಯ ಕ್ರಮ

1) ಕ್ಯಾಸೆಟ್‌ನ ಮೇಲಂಚಿನಲ್ಲಿರುವ ಪ್ಲಾಸ್ಟಿಕ್ ಚೂರುಗಳನ್ನು ಮುರಿದು ತೆಗೆಯುವುದು. ಇದರಿಂದ ಅಕಸ್ಮಾತ್ ಅದರ ಮೇಲೆ ಬೇರೆ ಧ್ವನಿ ಮುದ್ರಣವಾಗುವುದು ತಪ್ಪುತ್ತದೆ.
2) ಟೇಪ್ ರೆಕಾರ್ಡರ್‌ನಿಂದ ಗಣಕಯಂತ್ರದ ಲೈನ್-ಇನ್ ಕಿಂಡಿಗೆ ತಂತಿಯ ಮೂಲಕ ಸಂಪರ್ಕ ಕಲ್ಪಿಸುವುದು. ಮೈಕ್ ಎದುರಿಟ್ಟು ಮುದ್ರಿಸಿಕೊಂಡಲ್ಲಿ ಕೋಣೆಯ ಸದ್ದು ಸಹ ಸೇರುತ್ತದೆ.
3) ಆಡಾಸಿಟಿಯಂತಹ ಮುಕ್ತ ತಂತ್ರಾಂಶದಲ್ಲಿ 44,100 ಹರ್ಟ್ಸ್, 16 ಬಿಟ್ ವೇವ್ ಕಡತವಾಗಿ ಉಳಿಸುವುದು. ಧ್ವನಿಮಟ್ಟದ ಸೂಚಕವು ಮೇಲಿನ ಮಿತಿಯನ್ನು ಮುಟ್ಟದಂತೆ ನೋಡಿಕೊಳ್ಳುವುದು. ಮಿತಿ ಮೀರಿ ಒಡೆದ ದನಿಯನ್ನು ಅನಂತರ ಪೂರ್ಣವಾಗಿ ಸರಿಪಡಿಸಲಾಗದು.
4) ಸಿ.ಡಿ. ಬರೆಯುವ ತಂತ್ರಾಂಶದಲ್ಲಿ ದತ್ತಾಂಶ ಸಿ.ಡಿ.ಯ ಬದಲು ಸಂಗೀತ ಸಿ.ಡಿ. ಎಂಬ ಆಯ್ಕೆಯನ್ನು ಮಾಡುವುದು.
5) ಖಾಲಿ ಸಿ.ಡಿ.-ಆರ್ ಬಳಸುವುದು. ಮರುಬಳಕೆಯ ಸಿ.ಡಿ.-ಆರ್‌ಡಬ್ಲ್ಯೂ ಕಡಿಮೆ ಬೆಳಕನ್ನು ಪ್ರತಿಫಲಿಸುವುದರಿಂದ ಹಳೆಯ ಅನೇಕ ಪ್ಲೇಯರ್‌ಗಳು ಅದನ್ನು ಓದಲಾರವು.
6) ಬರವಣಿಗೆ ಮುಗಿದ ಮೇಲೆ ಸಿ.ಡಿ.ಯನ್ನು ಅಂತಿಮಗೊಳಿಸುವುದು. ಹಾಗೆ ಮಾಡದ ಸಿ.ಡಿ. ಸಾಮಾನ್ಯ ಪ್ಲೇಯರ್‌ಗಳಲ್ಲಿ ನುಡಿಯುವುದಿಲ್ಲ.
7) ಎಂಪಿ3 ಸಿ.ಡಿ. ಮಾಡುವುದಾದರೆ ಕಡತಗಳಿಗೆ 01, 02 ಎಂದು ಕ್ರಮಸಂಖ್ಯೆ ಸಹಿತ ರೋಮನ್ ಲಿಪಿಯ ಹೆಸರು ನೀಡುವುದು. ಹಳೆಯ ಪ್ಲೇಯರ್‌ಗಳ ಪರದೆಯಲ್ಲಿ ಕನ್ನಡ ಲಿಪಿ ಮೂಡುವುದಿಲ್ಲ.

5. ಸಂರಕ್ಷಣೆ

ಸಿ.ಡಿ.-ಆರ್‌ನಲ್ಲಿ ಲೇಸರ್ ಕಿರಣವು ಬಣ್ಣದ ಪದರವೊಂದನ್ನು ಮಾರ್ಪಡಿಸಿ ಬರೆಯುತ್ತದೆ. ಈ ಪದರವು ಬಿಸಿಲು ಮತ್ತು ಶಾಖದಿಂದ ಹಾಳಾಗುವುದರಿಂದ ಸಿ.ಡಿ.ಯೊಂದನ್ನೇ ಶಾಶ್ವತ ದಾಖಲೆಯೆಂದು ನಂಬತಕ್ಕದ್ದಲ್ಲ. ಇತ್ತೀಚಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಡ್ರೈವ್ ಸಹ ಇರುವುದಿಲ್ಲ. ಆದ್ದರಿಂದ ಮೂಲ ವೇವ್ ಅಥವಾ ಫ್ಲ್ಯಾಕ್ ಕಡತವನ್ನು ಎರಡು ಪ್ರತ್ಯೇಕ ಹಾರ್ಡ್ ಡಿಸ್ಕ್‌ಗಳಲ್ಲಿ, ಸಾಧ್ಯವಾದಲ್ಲಿ ಬೇರೆ ಬೇರೆ ಸ್ಥಳಗಳಲ್ಲಿ ಇಡುವುದು ಸೂಕ್ತ. ಹಾಡಿದವರ ಹೆಸರು, ಊರು ಮತ್ತು ದಿನಾಂಕವನ್ನು ಜೊತೆಯಲ್ಲಿಯೇ ದಾಖಲಿಸುವುದು.

6. ಕೃತಿಸ್ವಾಮ್ಯ

ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಧ್ವನಿಮುದ್ರಣವು ಪ್ರಕಟವಾದ ವರ್ಷದ ಮುಂದಿನ ವರ್ಷದ ಆರಂಭದಿಂದ 60 ವರ್ಷಗಳವರೆಗೆ ರಕ್ಷಣೆಗೆ ಒಳಪಟ್ಟಿರುತ್ತದೆ. ಖಾಸಗಿ ಬಳಕೆಗಾಗಿ ನ್ಯಾಯೋಚಿತ ಉಪಯೋಗಕ್ಕೆ ಕಲಂ 52ರಲ್ಲಿ ಅವಕಾಶವಿದೆ. ಹಕ್ಕುದಾರರ ಅನುಮತಿಯಿಲ್ಲದೆ ಪ್ರತಿಗಳನ್ನು ಮಾಡಿ ಮಾರುವುದು ಕಲಂ 63ರ ಅಡಿ ಶಿಕ್ಷಾರ್ಹ ಅಪರಾಧವಾಗಿರುತ್ತದೆ.

ವಿಶೇಷ ಸೂಚನೆ: ವರ್ಗಾವಣೆ ಮುಗಿದ ನಂತರವೂ ಮೂಲ ಕ್ಯಾಸೆಟ್‌ಗಳನ್ನು ಎಸೆಯಬಾರದು. ಸಿದ್ಧಪಡಿಸಿದ ಸಿ.ಡಿ.ಯನ್ನು ಬೇರೊಂದು ಪ್ಲೇಯರ್‌ನಲ್ಲಿ ಮೊದಲಿನಿಂದ ಕೊನೆಯವರೆಗೆ ಕೇಳಿ ಖಚಿತಪಡಿಸಿಕೊಳ್ಳತಕ್ಕದ್ದು.