ಅನುಬಂಧದ 446: ಕುವೈತ್ ಸೆರೆಮನೆಗಳ ಭಾರತೀಯರ ಲೆಕ್ಕವನ್ನು ಓದುವ ಬಗೆ

ಗಲ್ಫ್ ವಲಸೆಯ ಚರ್ಚೆಗಳಲ್ಲಿ ಸಂಸತ್ತಿನ ಅಂಕಿಗಳನ್ನು ಹಿಂದುಮುಂದು ನೋಡದೆ ಎತ್ತಿಕೊಳ್ಳುವ ರೂಢಿ ಬೆಳೆದಿದೆ. 2023ರ ಜುಲೈನಲ್ಲಿ ವಿದೇಶಾಂಗ ಖಾತೆಯ ರಾಜ್ಯ ಸಚಿವ ವಿ. ಮುರಳೀಧರನ್ ಕೊಟ್ಟ ಉತ್ತರದಂತೆ ವಿದೇಶಿ ಸೆರೆಮನೆಗಳಲ್ಲಿದ್ದ ಭಾರತೀಯರು 8,330. ಆರು ಗಲ್ಫ್ ದೇಶಗಳ ಪಾಲು 4,630, ಅದರಲ್ಲಿ ಕುವೈತಿನದು 446. 2025ರ ಉತ್ತರದಲ್ಲಿ ಕುವೈತಿನ ಎದುರು 387 ಎಂದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಕುವೈತಿನಲ್ಲಿ ನಮ್ಮವರ ಬಂಧನ ಇಳಿಮುಖವಾಗಿದೆ ಎಂದು ಸಾರಿಬಿಡುವುದು ಸುಲಭ. ಈ ಓದು ತಪ್ಪು ಎಂಬುದು ನನ್ನ ವಾದ. ತಪ್ಪಿಗೆ ಕಾರಣ, ಉತ್ತರಕ್ಕೆ ಲಗತ್ತಿಸಿದ ಅನುಬಂಧದ ದೇಶವಾರು ಪಟ್ಟಿಯನ್ನು ನೋಡಿದವರು ಅದರ ಹಿಂದಿನ ಪುಟವನ್ನು ನೋಡದಿರುವುದು.

ಆ ಪುಟದಲ್ಲಿ, ಇಂಥ ಪ್ರಶ್ನೆಗೆ ಸಚಿವಾಲಯ ವರ್ಷವರ್ಷವೂ ಹೆಚ್ಚುಕಡಿಮೆ ಅದೇ ಮಾತಿನಲ್ಲಿ ಬರೆಯುವ ಒಂದು ವಾಕ್ಯವಿದೆ: ಹಲವು ದೇಶಗಳಲ್ಲಿ ಖಾಸಗಿತನದ ಕಾನೂನು ಬಿಗಿಯಾಗಿರುವುದರಿಂದ, ಕೈದಿ ಒಪ್ಪಿಗೆ ಕೊಡದ ಹೊರತು ಸ್ಥಳೀಯ ಅಧಿಕಾರಿಗಳು ಅವನ ಮಾಹಿತಿಯನ್ನು ಹಂಚಿಕೊಳ್ಳುವುದಿಲ್ಲ. ನಮ್ಮ ಅಧ್ಯಯನಕಾರರು ಇದನ್ನು ಕಚೇರಿಯ ಸವಕಲು ಮಾತೆಂದು ದಾಟಿಹೋಗುತ್ತಾರೆ. ನನಗೆ ಇಡೀ ಉತ್ತರದಲ್ಲಿ ಬೆಲೆಯುಳ್ಳ ಆಧಾರ ಇದೊಂದೇ. ಇದನ್ನು ಒಪ್ಪಿದ ಮೇಲೆ 446 ಎಂಬುದನ್ನು ಕೈದಿಗಳ ಒಟ್ಟು ಸಂಖ್ಯೆ ಎನ್ನಲಾಗದು. ಗೋಡೆಯೊಳಗಿಂದ ಹೊರಟ ಸುದ್ದಿ ಯಾವುದೋ ದಾರಿಯಲ್ಲಿ ರಾಯಭಾರ ಕಚೇರಿಗೆ ತಲುಪಿದ ಜನರ ಲೆಕ್ಕ ಅದು. ಹಾಗಾಗಿ 446 ಇದ್ದದ್ದು 387 ಆಯಿತೆಂದರೆ ಬಂಧಿತರು ಕಡಿಮೆಯಾಗಿರಬಹುದು, ಸುದ್ದಿ ಬರುವುದು ಕಡಿಮೆಯಾಗಿರಲೂಬಹುದು. ಯಾವುದೆಂದು ಪಟ್ಟಿ ಹೇಳುವುದಿಲ್ಲ.

ಒಪ್ಪಿಗೆ ಕೊಡುವುದು ಎಲ್ಲಿ, ಯಾರೆದುರು? ಕಾನ್ಸುಲರ್ ಸಂಬಂಧಗಳ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಸ್ಪಷ್ಟವಾಗಿದೆ. ಬಂಧಿತ ಕೇಳಿಕೊಂಡರೆ ಅವನ ದೇಶದ ಕಚೇರಿಗೆ ತಡಮಾಡದೆ ತಿಳಿಸಬೇಕು, ಅವನು ಬರೆದುಕೊಟ್ಟದ್ದನ್ನು ತಲುಪಿಸಬೇಕು, ಈ ಹಕ್ಕು ಅವನಿಗಿದೆ ಎಂಬುದನ್ನೂ ಅವನಿಗೆ ಹೇಳಬೇಕು. ಆದರೆ ಹೇಳುವವರು, ಕೇಳಿಸಿಕೊಳ್ಳುವವರು, ಕಾಗದ ಮುಂದಕ್ಕೆ ಕಳಿಸುವವರು ಎಲ್ಲರೂ ಬಂಧಿಸಿದವರೇ. ಯಾರ ನಡತೆಯ ಮೇಲೆ ದೂರು ಹೋಗಬೇಕೋ ಅವರ ಕೈಯಲ್ಲೇ ಅಂಚೆಯ ಚೀಲ. ರಜೆ ಮುಗಿಸಿ ಮರಳುವಾಗ ಯಾರೋ ಕೊಟ್ಟ ಮಾತ್ರೆಯ ಪೊಟ್ಟಣ ಒಯ್ದು ಕುವೈತ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಕುಂದಾಪುರ ಕಡೆಯ ಕೂಲಿಯೊಬ್ಬನನ್ನು ಊಹಿಸಿಕೊಳ್ಳಿ. ಅವನ ಮುಂದಿಟ್ಟ ಹಾಳೆ ಅರಬ್ಬಿಯಲ್ಲಿರುತ್ತದೆ. ಅವನು ಕೇಳಲಿಲ್ಲ ಎಂದರೆ ಬೇಡವೆಂದನೆಂದೇ ಅರ್ಥವೇ?

ಖಾಸಗಿತನದ ಪರ ವಾದಿಸುವವರ ಮಾತಿನಲ್ಲೂ ಹುರುಳಿದೆ. ತಂಗಿಯ ಮದುವೆ ಮಾತುಕತೆ ನಡೆದಿರುವಾಗ ಜೈಲಿನ ಸುದ್ದಿ ಊರಿಗೆ ಮುಟ್ಟದಿರಲಿ ಎಂದು ಬಾಯಿ ಕಟ್ಟಿಕೊಳ್ಳುವವರು ಇದ್ದೇ ಇರುತ್ತಾರೆ. ಅವರ ಮೌನವನ್ನು ಗೌರವಿಸಬೇಕು. ಆದರೆ ಅದರಿಂದ 446 ಸಮಗ್ರ ಗಣತಿಯಾಗುವುದಿಲ್ಲ. ನನ್ನ ವಾದಕ್ಕೇ ಬಲ ಬರುತ್ತದೆ.

ಕುವೈತಿನ ಕಾನೂನು ಈ ವಿಷಯದಲ್ಲಿ ಬರಿಗೈಯಲ್ಲಿಲ್ಲ (ಇದನ್ನು ಮರೆತು ಬರೆಯುವವರ ಮೇಲೂ ನನಗೆ ಅಸಮಾಧಾನವಿದೆ). 1962ರ ಸಂವಿಧಾನದ 39ನೇ ವಿಧಿ ಅಂಚೆ, ತಂತಿ, ದೂರವಾಣಿಯ ಗೋಪ್ಯತೆಗೆ ಅಭಯ ಕೊಡುತ್ತದೆ, ಕಾನೂನು ಹೇಳಿದ ಸಂದರ್ಭಗಳನ್ನು ಬಿಟ್ಟು. 45ನೇ ವಿಧಿ ಪ್ರತಿಯೊಬ್ಬನಿಗೂ ತನ್ನ ಸಹಿ ಹಾಕಿ ಸರ್ಕಾರಕ್ಕೆ ಬರೆಯುವ ಹಕ್ಕು ಕೊಡುತ್ತದೆ. ಗುಂಪಾಗಿ ಬರೆಯುವ ಹಕ್ಕು ಮಾತ್ರ ವಿಧಿವತ್ತಾದ ಸಂಘಸಂಸ್ಥೆಗಳದು. ಕಾರಾಗೃಹಗಳ ಕಾನೂನು ಬಂದದ್ದೂ 1962ರಲ್ಲೇ. ಇವೆಲ್ಲ ಯಾರಿಗೆ ಕೆಲಸಕ್ಕೆ ಬಂದವು ಎಂಬುದು ಬೇರೆ ಪ್ರಶ್ನೆ. 2011ರ ಜನವರಿಯಲ್ಲಿ ಅಹ್ಮದಿಯ ಪೊಲೀಸರ ವಶದಲ್ಲಿ ಕುವೈತಿ ಪ್ರಜೆಯೊಬ್ಬ ಸತ್ತಾಗ ಸಂಸತ್ತು ಪಟ್ಟುಹಿಡಿಯಿತು, ಒಳಾಡಳಿತ ಸಚಿವ ಜಾಬಿರ್ ಅಲ್ ಖಾಲಿದ್ ಅಲ್ ಸಬಾಹ್ ಹುದ್ದೆ ಬಿಡಬೇಕಾಯಿತು. ಸತ್ತವನಿಗೆ ಬಂಧುಬಳಗವಿತ್ತು, ಅವರ ಮಾತಿಗೆ ಕಿವಿಗೊಡುವ, ದಿವಾನಿಯಾ ಎಂಬ ಮನೆಬೈಠಕ್ಕುಗಳಿದ್ದವು, ಮತ ಕೇಳಲು ಬರುವ ಸಂಸದರಿದ್ದರು. ವಲಸಿಗನಿಗೆ ಇವು ಯಾವುವೂ ಇಲ್ಲ. ಅವನಿಗಿರುವುದು ರಾಯಭಾರ ಕಚೇರಿ, ಇಲ್ಲವೇ ಕದ್ದು ಒಳಬಂದ ಮೊಬೈಲು. ಸುಲೈಬಿಯಾದ ಕೇಂದ್ರ ಕಾರಾಗೃಹದ ತಪಾಸಣೆಯಲ್ಲಿ ಮೊಬೈಲು ಸಿಕ್ಕ ಸುದ್ದಿ ಅಲ್ಲಿನ ಪತ್ರಿಕೆಗಳಲ್ಲಿ ಮತ್ತೆಮತ್ತೆ ಬರುತ್ತದೆ, ಪ್ರತಿಬಾರಿಯೂ ಅಪರಾಧದ ಸುದ್ದಿಯಾಗಿ. ಸಂಶೋಧಕನಿಗೆ ಅದು ಸಂಪರ್ಕದ ಇತಿಹಾಸದ ಆಕರ.

ಸುದ್ದಿ ಹೊರಬಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. ತಿಹಾರ್ ಜೈಲಿನಲ್ಲಿ ಮತ್ತೊಬ್ಬ ಕೈದಿಗಾದ ಚಿತ್ರಹಿಂಸೆಯ ಬಗ್ಗೆ ಅಲ್ಲಿನ ಕೈದಿ ಸುನಿಲ್ ಬಾತ್ರಾ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿಯೆಂದು ಸ್ವೀಕರಿಸಿತು, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಪೀಠದ ತೀರ್ಪು ಜೈಲುಗಳಲ್ಲಿ ದೂರುಪೆಟ್ಟಿಗೆ ಇಡುವವರೆಗೆ ಹೋಯಿತು.

ಕುವೈತಿನಲ್ಲೂ ಪಟ್ಟಿಗೆ ಬಂದವರಿಗೆ ಫಲ ಸಿಕ್ಕಿದೆ. 2017ರ ಸೆಪ್ಟೆಂಬರಿನಲ್ಲಿ ಅಮೀರರು 15 ಭಾರತೀಯರ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿ, 119 ಮಂದಿಯ ಶಿಕ್ಷೆ ತಗ್ಗಿಸಿದರೆಂದು ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ತಿಳಿಸಿದರು. ಶಿಕ್ಷೆಯ ಉಳಿದ ಅವಧಿಯನ್ನು ತಾಯ್ನಾಡಿನಲ್ಲಿ ಕಳೆಯಲು 2013ರ ಒಪ್ಪಂದವಿದೆ. ಅದಕ್ಕೂ ಕೈದಿಯ ಒಪ್ಪಿಗೆ ಬೇಕು. ಲೆಕ್ಕಕ್ಕೇ ಸಿಗದವನ ಪರವಾಗಿ ಯಾರೂ ಕ್ಷಮೆ ಬೇಡಲಾರರು.

ಕೈದಿಯ ಒಪ್ಪಿಗೆಗೆ ಕಾಯದೆ ಪಟ್ಟಿ ಪಡೆಯುವುದು ಆಗದ ಕೆಲಸವೇನಲ್ಲ. 2008ರ ಒಪ್ಪಂದದಂತೆ ಭಾರತ ಮತ್ತು ಪಾಕಿಸ್ತಾನ ಪ್ರತಿ ಜನವರಿ 1 ಮತ್ತು ಜುಲೈ 1ರಂದು ಕೈದಿಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತವೆ. ವೈರಿಯೊಂದಿಗೆ ಸಾಧ್ಯವಾದದ್ದು ಸ್ನೇಹಿತರೊಂದಿಗೂ ಆಗಬೇಕು. ಅಲ್ಲಿಯವರೆಗೆ ಕರಾವಳಿಯ ಸಂಸದರಲ್ಲಿ ಒಂದು ಮನವಿ: ಎಷ್ಟು ಮಂದಿ ಎಂದು ಕೇಳಿ ಸುಮ್ಮನಾಗಬೇಡಿ. ಅಧಿಕಾರಿಗಳು ಎಷ್ಟು ಮಂದಿಯನ್ನು ಖುದ್ದಾಗಿ ಕಂಡರು, ಬಂಧನವಾದ ಎಷ್ಟು ದಿನಕ್ಕೆ ಕಂಡರು, ಬೇಡವೆಂದವರು ಯಾರೆದುರು ಹಾಗೆಂದರು ಎಂಬುದನ್ನೂ ಕೇಳಿ.