ಜೈನ, ಕನ್ನಡಿಗ, ಭಾರತೀಯ: ದಾಖಲೆಯಲ್ಲಿ ನಮ್ಮ ಗುರುತು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲೂಕುಗಳಲ್ಲಿ ಜೈನ ಮನೆಗಳು ಅಲ್ಲಲ್ಲಿ ಚದುರಿಕೊಂಡಿವೆ. ತಲೆಮಾರುಗಳಿಂದ ಇಲ್ಲೇ ಇದ್ದು ಕನ್ನಡವೇ ಮನೆಮಾತಾದ ದಿಗಂಬರರಿದ್ದಾರೆ. ರಾಜಸ್ಥಾನ, ಗುಜರಾತದಿಂದ ವ್ಯಾಪಾರಕ್ಕೆಂದು ಬಂದು ನೆಲೆನಿಂತ ಶ್ವೇತಾಂಬರರೂ ಇದ್ದಾರೆ. ಅವರಿಗೆ ಮನೆಯಲ್ಲಿ ಮಾರವಾಡಿ, ಅಂಗಡಿಯಲ್ಲಿ ಕನ್ನಡ, ಸೊಲ್ಲಾಪುರದ ಪೇಟೆಗೆ ಹೋದರೆ ಮರಾಠಿ. "ನೀವು ಯಾರು?" ಎಂದು ಯಾರಾದರೂ ಕೇಳಿದರೆ ಬಾಯಿಮಾತಿನಲ್ಲಿ ಹೇಗೋ ಹೇಳಿ ಮುಗಿಸುತ್ತೇವೆ. ತೊಡಕು ಬರುವುದು ಕಾಗದದಲ್ಲಿ.

ನನ್ನ ಶಾಲೆಯ ದಾಖಲೆಯಲ್ಲಿ "ಹಿಂದೂ-ಜೈನ" ಎಂದಿದೆ. ಮಾಸ್ತರರು ರೂಢಿಯಂತೆ ಬರೆದರು, ಅಪ್ಪಾಜಿ ಸಹಿ ಹಾಕಿದರು. ನನ್ನದನ್ನು ನೋಡಿ ಮಗನಿಗೂ ಹಾಗೇ ಬರೆಸಿದೆವು. ಮೊಮ್ಮಗನಿಗೆ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದ ಅರ್ಜಿ ಹಾಕುವಾಗ ಒಂದು ಕಚೇರಿಯಲ್ಲಿ, "ತಂದೆಯ ಕಾಗದದಲ್ಲಿ ಹಿಂದೂ ಎಂದಿದೆಯಲ್ಲ?" ಎಂದರು. ಪ್ರಮಾಣಪತ್ರ, ಅಫಿಡವಿಟ್ ಎಂದು ಓಡಾಡುವುದರೊಳಗೆ ಕೊನೆಯ ದಿನಾಂಕ ದಾಟಿತ್ತು. ಆ ವರ್ಷದ ಹಣ ಹೋಯಿತು.

ಈ ಗೊಂದಲಕ್ಕೆ ಕಾರಣವಿದೆ. ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲಿ, ದೇವಾಲಯ ಪ್ರವೇಶ ಮತ್ತು ಸುಧಾರಣೆಯ ಮಟ್ಟಿಗೆ, ಹಿಂದೂ ಎಂಬ ಮಾತಿನಲ್ಲಿ ಸಿಖ್, ಜೈನ, ಬೌದ್ಧರೂ ಸೇರುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆ, 1956ರ ಉತ್ತರಾಧಿಕಾರ ಕಾಯ್ದೆ ನಮಗೂ ಅನ್ವಯಿಸುತ್ತವೆ. ಇದನ್ನೇ ಹಿಡಿದು "ನಾವು ಕಾನೂನಿನ ಪ್ರಕಾರ ಹಿಂದೂ" ಎನ್ನುವ ಹಿರಿಯರಿದ್ದಾರೆ. ಆದರೆ ಆ ಕಾಯ್ದೆಗಳೇ ಧರ್ಮದಿಂದ ಜೈನರಾದವರು ಎಂದು ನಮ್ಮನ್ನು ಬೇರೆಯಾಗಿ ಹೆಸರಿಸುತ್ತವೆ. ಕಾಯ್ದೆ ಅನ್ವಯಿಸುವುದು ಬೇರೆ, ಧರ್ಮದ ಹೆಸರು ಬೇರೆ.

1992ರ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗ ಕಾಯ್ದೆಯಡಿ 1993ರಲ್ಲಿ ಐದು ಸಮುದಾಯಗಳ ಹೆಸರು ಪ್ರಕಟವಾದಾಗ ನಮ್ಮದು ಇರಲಿಲ್ಲ. ಬಾಳ ಪಾಟೀಲರ ಅರ್ಜಿಯನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಒಪ್ಪಲಿಲ್ಲ. ಕೊನೆಗೆ 2014ರ ಜನವರಿ 27ರಂದು ಕೇಂದ್ರ ಸರ್ಕಾರ ಜೈನರನ್ನು ಸೇರಿಸಿತು.

2011ರ ಜನಗಣತಿಯಂತೆ ದೇಶದಲ್ಲಿ ಜೈನರು ಸುಮಾರು 44.5 ಲಕ್ಷ, ಕರ್ನಾಟಕದಲ್ಲಿ ಸುಮಾರು 4.4 ಲಕ್ಷ. ಆಗಿನ ನಮೂನೆಯಲ್ಲಿ ಜೈನ ಧರ್ಮಕ್ಕೆ 6ನೇ ಸಂಕೇತವಿತ್ತು. ಅಡ್ಡಹೆಸರನ್ನು ನೋಡಿ ಧರ್ಮ ತಿಳಿಯುವುದಿಲ್ಲ. ಪಾಟೀಲರು ಜೈನರಲ್ಲಿದ್ದಾರೆ, ಲಿಂಗಾಯತರಲ್ಲಿ, ಮರಾಠರಲ್ಲಿ, ಮುಸ್ಲಿಮರಲ್ಲಿಯೂ ಇದ್ದಾರೆ. ಬಸವಣ್ಣನವರ ಊರಾದ ಬಾಗೇವಾಡಿಯಲ್ಲಿ ಪಾಟೀಲ ಎಂದರೆ ಬರೆದುಕೊಳ್ಳುವವರು ಏನು ತಿಳಿದಾರು? ಕೇಳಲಿ, ಕೇಳದಿರಲಿ, ಧರ್ಮ ಜೈನ ಎಂದು ನಾವೇ ಹೇಳಬೇಕು.

ಭಾಷೆಯ ಕಾಲಂ ಬೇರೆ. ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಮಾತಾಡಿಸಿದ ಭಾಷೆ. ಅದು ಮಾರವಾಡಿಯಾದರೆ ಹಾಗೇ ಬರೆಸಿ. ಗಣತಿಯ ಕೋಷ್ಟಕದಲ್ಲಿ ಅದು ಹಿಂದಿಯ ಗುಂಪಿಗೆ ಸೇರುತ್ತದೆ. ಗೊತ್ತಿರುವ ಇತರ ಭಾಷೆಗಳಲ್ಲಿ ಕನ್ನಡವನ್ನು ಬಿಡಬೇಡಿ. ಜೈನರೆಂದರೆ ಹೊರಗಿನಿಂದ ಬಂದವರು ಎಂದು ಸಂತೆಯಲ್ಲಿ ಯಾರಾದರೂ ಅಂದರೆ ನಾನು ಮುಧೋಳದ ರನ್ನನ ಹೆಸರು ಹೇಳುತ್ತೇನೆ. ಜೈನ ಕವಿ, ಅದರಲ್ಲೂ ಬಳೆಗಾರರ ಮನೆತನದವನು, ನಮ್ಮಂತೆ ವ್ಯಾಪಾರಸ್ಥರು!

ಕೆಲ ಯುವಕರು ಧರ್ಮದ ಕಾಲಂನಲ್ಲಿ "ಭಾರತೀಯ" ಎಂದು ಬರೆಸುತ್ತೇವೆ ಎನ್ನುತ್ತಾರೆ. ಅಭಿಮಾನ ಒಳ್ಳೆಯದೇ. ಆದರೆ ಅದು ರಾಷ್ಟ್ರೀಯತೆಯ ಪ್ರಶ್ನೆಗೆ ಉತ್ತರ. 2010ರ ರಾಷ್ಟ್ರೀಯ ಜನಸಂಖ್ಯಾ ನೋಂದಣಿಯಲ್ಲಿ ಅದನ್ನು ಬೇರೆಯೇ ಕೇಳಿದ್ದರು. ಧರ್ಮದ ಕಡೆ ಹಾಗೆ ಬರೆಸಿದರೆ ಜೈನರ ಲೆಕ್ಕದಲ್ಲಿ ಆ ಮನೆ ಸೇರುವುದಿಲ್ಲ.

2027ರ ಜನಗಣತಿಯಲ್ಲಿ ಜಾತಿಯನ್ನೂ ಕೇಳಲಿದ್ದಾರೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು 3ಬಿ ಯಲ್ಲಿದ್ದಾರೆ. ಪಂಗಡದ ಹೆಸರನ್ನು ಧರ್ಮದ ಕಡೆ, ಧರ್ಮವನ್ನು ಭಾಷೆಯ ಕಡೆ ಬೆರೆಸಬೇಡಿ. ಮನೆಯವರೆಲ್ಲ ಕೂತು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮೊಮ್ಮಗಳನ್ನು ಶಾಲೆಗೆ ಹಚ್ಚುವಾಗ ನಾವು ಹಾಗೇ ಮಾಡಿದೆವು. ಅರ್ಜಿಯನ್ನು ನಾನೇ ಎರಡು ಸಲ ಓದಿ, ಆಮೇಲೆ ಮಗನ ಕೈಯಿಂದ ಸಹಿ ಹಾಕಿಸಿದೆ.