ತಂಬೂರಿ ಮಾಡಿದವರ ಪುಸ್ತಕ

ಗಾಯಕ ಸವಾಯಿ ಗಂಧರ್ವರ (1886–1952) ಪೂರ್ಣ ಹೆಸರಿನಲ್ಲಿ ಎರಡು ಊರುಗಳಿವೆ: ರಾಮಚಂದ್ರ ಕುಂದಗೋಳಕರ ಸೌಂಶಿ (ಸಂಶಿ). ಸಂಶಿ, ಕುಂದಗೋಳದ ಈ ಸೀಮೆಯ ಗಾಯಕರನ್ನು ಓದಿ ತಿಳಿಯಲು ಪುಸ್ತಕಗಳ ಬರವಿಲ್ಲ. ಮಲ್ಲಿಕಾರ್ಜುನ ಮನ್ಸೂರರ 'ನನ್ನ ರಸಯಾತ್ರೆ', ಗಂಗೂಬಾಯಿ ಹಾನಗಲ್ಲರ 'ನನ್ನ ಬದುಕಿನ ಹಾಡು' ನಮ್ಮ ಕೈಯಲ್ಲಿವೆ. ಆದರೆ ಅವರ ಬೆನ್ನಿಗೆ ನುಡಿದ ತಂಬೂರಿಯನ್ನು ಓದಿ ತಿಳಿಯುವುದು ಅಷ್ಟು ಸುಲಭವಲ್ಲ. ಹಳೇ ವಾಡೆಯೊಂದರ ಅಟ್ಟದಿಂದ ಮಿರಜದ ತಂಬೂರಿ ಇಳಿದರೆ, ಇದನ್ನು ಮಾಡಿದವರು ಯಾರು, ಯಾವ ಕಾಲದ್ದು, ತಂತಿಗಳನ್ನು ಹೊರುವ ಕುದುರೆ ಮೂಲದ್ದೋ ಆಮೇಲೆ ಕೂರಿಸಿದ್ದೋ ಎಂಬ ಮೂರು ಪ್ರಶ್ನೆಗಳು ಏಳುತ್ತವೆ. ಇವಕ್ಕೆ ಉತ್ತರ ಕೊಡುವ ಪುಸ್ತಕವನ್ನೇ ನಾನು ಒಳ್ಳೆಯ ಆಕರಗ್ರಂಥ ಎನ್ನುತ್ತೇನೆ. ನಮ್ಮ ವಾದ್ಯಗ್ರಂಥಗಳ ಪರಂಪರೆ ದೊಡ್ಡದು, ಆದರೆ ಅದು ಬೇರೆ ಪ್ರಶ್ನೆಗಳ ಬೆನ್ನು ಹತ್ತಿತು.

1875ರಲ್ಲಿ ಕಲ್ಕತ್ತೆಯ ಶೌರೀಂದ್ರಮೋಹನ ಟಾಗೋರರು ಬಂಗಾಳಿಯಲ್ಲಿ 'ಯಂತ್ರಕೋಶ' ತಂದರು. 1891ರಲ್ಲಿ ಸೈನ್ಯಾಧಿಕಾರಿ ಸಿ.ಆರ್. ಡೇ ದಕ್ಷಿಣ ಭಾರತ ಮತ್ತು ದಖ್ಖನ್ನಿನ ವಾದ್ಯಗಳ ಬಗ್ಗೆ ಬಣ್ಣದ ಚಿತ್ರಗಳ ಗ್ರಂಥ ಪ್ರಕಟಿಸಿದರು. ಆ ಚಿತ್ರಗಳು ಇವತ್ತಿಗೂ ಕಣ್ಣು ಹಿಡಿದು ನಿಲ್ಲಿಸುತ್ತವೆ. ಇವೆರಡರ ಗಮನ ವಾದ್ಯದ ಜಾತಿಯ ಮೇಲೆ. ಆಮೇಲೆ ದಾರಿ ಭೌತಶಾಸ್ತ್ರದತ್ತ ತಿರುಗಿತು. 1921ರಲ್ಲಿ ಸಿ.ವಿ. ರಾಮನ್ ವೀಣೆ, ತಂಬೂರಿಗಳ ತಂತಿಯನ್ನು ಪರೀಕ್ಷಿಸಿ, ಮೀಟಿದ ಜಾಗದ ಲೆಕ್ಕದಲ್ಲಿ ಕೇಳಲೇಬಾರದ ಉಪಸ್ವರಗಳೂ ಬಲವಾಗಿ ಕೇಳುತ್ತವೆ ಎಂದು ತೋರಿಸಿದರು. ಅದರ ಗುಟ್ಟು ಕುದುರೆಯಲ್ಲಿದೆ. ಅದರ ಅಗಲವಾದ, ತುಸು ಬಾಗಿದ ಮೈಯನ್ನು ತಂತಿ ಸವರುತ್ತ ಕಂಪಿಸುತ್ತದೆ. ತಂತಿಯಡಿ ಸೇರಿಸಿದ ನೂಲಿನ ಎಳೆ ಕೂದಲೆಳೆಯಷ್ಟು ಸರಿದರೂ ನಾದ ಅರಳುತ್ತದೆ, ಇಲ್ಲವೇ ಮುಚ್ಚಿಕೊಳ್ಳುತ್ತದೆ. ಇದೇ ಜವಾರಿ (ನಮ್ಮ ಕಡೆ ನಾಟಿ ತಳಿಗೆ ಹೇಳುವ ಜವಾರಿ ಬೇರೆ). ಬಿ. ಚೈತನ್ಯ ದೇವ ಅವರು ತಂಬೂರಿಯ ನಾದವನ್ನು ವಿಜ್ಞಾನದ ಕಣ್ಣಿನಿಂದಲೂ, ಭಾರತೀಯ ವಾದ್ಯಗಳನ್ನು ಇತಿಹಾಸದ ಕಣ್ಣಿನಿಂದಲೂ ನೋಡಿದರು. ನಾದ ಏಕೆ ಹುಟ್ಟುತ್ತದೆ ಎಂಬುದು ತಿಳಿಯಿತು. ಯಾರ ಕೈಯಲ್ಲಿ ಹುಟ್ಟಿತು ಎಂಬುದು ಗ್ರಂಥಗಳ ಅಂಚಿಗೇ ಉಳಿಯಿತು. ಮಿರಜದಲ್ಲಿ ಆಯುಧ ಹರಿತ ಮಾಡುವ ಶಿಕಲಗಾರ ಮನೆತನದ ಫರೀದ್‌ಸಾಹೇಬರು 19ನೇ ಶತಮಾನದಲ್ಲಿ ಹಚ್ಚಿಕೊಂಡ ತಂಬೂರಿ ಮಾಡುವ ಕಸುಬು ತಲೆಮಾರುಗಳಿಂದ ನಡೆದು ಬಂದಿದೆ.

ಗಿಟಾರಿನ ಲೋಕ ಮಾಡಿದವರು ಯಾರು ಎಂಬ ಪ್ರಶ್ನೆಯನ್ನು ಮೊದಲಿಗೇ ಇಟ್ಟುಕೊಂಡಿತು. 1833ರಲ್ಲಿ ಶುರುವಾದ ಮಾರ್ಟಿನ್ ಕಂಪನಿ 1898ರಿಂದ ಪ್ರತಿ ಗಿಟಾರಿಗೂ ಕ್ರಮಸಂಖ್ಯೆ ಕೊಟ್ಟಿತು; 1975ರಲ್ಲಿ ಮೈಕ್ ಲಾಂಗ್‌ವರ್ತ್ ಕಂಪನಿಯ ಇತಿಹಾಸ ಬರೆದಾಗ ಆ ದಾಖಲೆ ಬೆನ್ನಿಗಿತ್ತು. ಲಾಂಗ್‌ವರ್ತ್ ಕಂಪನಿಯವರೇ ಆಗಿದ್ದರಲ್ಲ, ಹೊಗಳಿಕೆಯ ಪುಸ್ತಕವನ್ನು ನಂಬುವುದು ಹೇಗೆ ಎಂಬ ಆಕ್ಷೇಪವಿದೆ. ಅದು ಸರಿಯೇ, ಆದರೆ ಕ್ರಮಸಂಖ್ಯೆ ಹೊಗಳುವುದಿಲ್ಲ, ವಾದ್ಯವನ್ನು ಮುಂದಿಟ್ಟುಕೊಂಡು ಓದುಗ ತಾನೇ ತಾಳೆ ನೋಡಬಹುದು. 1991ರ ಗ್ರೂನ್ ಮತ್ತು ಕಾರ್ಟರರ ಹಳೆಯ ಗಿಟಾರುಗಳ ಕೈಪಿಡಿ ಹಲವು ಕಂಪನಿಗಳನ್ನು ಒಟ್ಟಿಗೆ ಇಟ್ಟದ್ದರಿಂದ ಆ ತಾಳೆ ಇನ್ನಷ್ಟು ಗಟ್ಟಿಯಾಯಿತು.

ತಂಬೂರಿ ಕೈಕೆಲಸ, ಒಂದರಂತೆ ಇನ್ನೊಂದಿಲ್ಲ, ಪಟ್ಟಿ ಮಾಡಿ ಏನು ಪ್ರಯೋಜನ ಎಂಬುದು ಇದಕ್ಕಿಂತ ಭಾರವಾದ ಆಕ್ಷೇಪ. ಒಂದರಂತೆ ಇನ್ನೊಂದಿಲ್ಲವೆಂದೇ ಒಂದೊಂದನ್ನೂ ಬರೆದಿಡಬೇಕು. ಸೋರೆಬುರುಡೆಯ ಸುತ್ತಳತೆ, ದಂಡಿಯ ಮರ ಮತ್ತು ಉದ್ದ, ತಬಲಿಯ (ಮುಚ್ಚಳ ಹಲಗೆಯ) ಉಬ್ಬು, ಕೆತ್ತನೆಯ ನಮೂನೆ, ಒಳಗೆ ಅಂಟಿಸಿದ ಚೀಟಿ, ದುರಸ್ತಿಯ ಗುರುತು, ಎಲ್ಲವೂ ಅಳೆದು ಬರೆಯಬಹುದಾದವು. 2024ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಸೂಚ್ಯಂಕ ದೊರೆತದ್ದು ಸಂತೋಷದ ಸಂಗತಿ. ಅದು ಊರನ್ನು ಗುರುತಿಸುತ್ತದೆ. ಒಬ್ಬ ಕುಶಲಿಯ ಕೈಯನ್ನು ಇನ್ನೊಬ್ಬನ ಕೈಯಿಂದ ಬೇರೆ ಮಾಡಿ ತೋರಿಸುವುದಿಲ್ಲ.

ಈ ಕೆಲಸಕ್ಕೆ ಕಾಲದ ಹಂಗೂ ಇದೆ. ನಾದ ಅರಳಿಸಲು ಜವಾರಿ ತೆಗೆದಾಗಲೆಲ್ಲ ಅರದ ಕೆಳಗೆ ಕುದುರೆಯ ಮೈ ಒಂದಿಷ್ಟು ಸವೆಯುತ್ತದೆ. ಪೂರ್ತಿ ಸವೆದ ಮೇಲೆ ಅದನ್ನು ಕಿತ್ತು ಹೊಸದನ್ನು ಕೂರಿಸುತ್ತಾರೆ, ಹಳೆಯದು ಕಸಕ್ಕೆ ಹೋಗುತ್ತದೆ. ಮೊದಲು ಮಾಡಿದವರು ಕೊಟ್ಟ ಬಾಗು ಇದ್ದದ್ದು ಆ ತುಂಡಿನಲ್ಲೇ.